ಕಾಕಾ, ಉತಾರದ ವೆಬ್‌ಸೈಟ್ ಡೆಸ್ಕ್‌ಟಾಪ್ ಮ್ಯಾಲೆ ಇಡೋದು ಹಿಂಗ

ಕಾಕಾ, ನಿಮ್ಮ ಮೆಸೇಜ್ ಕೇಳಿದೆ. ಹೊಲದ ಉತಾರ (ಪಹಣಿ), ಹೆಸ್ಕಾಂ ಕರೆಂಟ್ ಬಿಲ್ಲು, ರೈಲ್ವೆ ಟಿಕೀಟು, ಈ ಮೂರೂ ಕಂಪ್ಯೂಟರ್ ಚಾಲೂ ಆದಕೂಡ್ಲೇ ಕಣ್ಣಮುಂದ ಸಿಗಬೇಕು ಅಂದ್ರಿ. ಹೋದ ವಾರ ಇಟ್ಟಿದ್ದ ರೈಲ್ವೆ ಶಾರ್ಟ್‌ಕಟ್ ಒತ್ತಿದ್ರ ‘ಸೆಶನ್ ಎಕ್ಸ್‌ಪೈರ್ಡ್’, ಅಂದ್ರ ಲಾಗಿನ್ ಅವಧಿ ಮುಗೀತು ಅಂತ ಬರತೈತಿ ಅಂತನೂ ಅಂದ್ರಿ. ಎರಡಕ್ಕೂ ಹೇಳ್ತೀನಿ. ಜರಾ ಉದ್ದ ಆಗತೈತಿ, ಕಂಪ್ಯೂಟರ್ ಮುಂದ ಕುಂತು ಸವಕಾಶ ಕೇಳ್ರಿ.

ಮೊದಲ ಆ ಸೆಶನ್ ತ್ರಾಸು. ಶಾರ್ಟ್‌ಕಟ್ ಅಂದ್ರ ವಿಳಾಸ ಬರದಿಟ್ಟ ಒಂದು ಚೀಟಿ, ಅಷ್ಟ. ನೀವು ಲಾಗಿನ್ ಆಗಿ, ಒಳಗ ನಾಕು ಪೇಜ್ ದಾಟಿ, ಅಲ್ಲಿ ನಿಂತು ಚೀಟಿ ಬರದೀರಿ. ಆ ಪೇಜು ಅವತ್ತಿನ ಲಾಗಿನ್ ಇರೋತನಕ ಮಾತ್ರ ತೆರೀತೈತಿ, ಮರುದಿನ ಅದಕ್ಕ ನಿಮ್ಮ ಗುರ್ತು ಇರೂದಿಲ್ಲ. ಅದಕ್ಕ ತಲಬಾಗಲದ, ಅಂದ್ರ ಸೈಟಿನ ಮೊದಲ ಪೇಜಿನ ವಿಳಾಸ ಇಡ್ರಿ, ನಡಮನಿದು ಬ್ಯಾಡ. ಪರೀಕ್ಷಾ ಮಾಡೋದು ಸರಳ ಐತಿ. ಕ್ರೋಮ್‌ನ್ಯಾಗ ಕಂಟ್ರೋಲ್, ಶಿಫ್ಟ್, ಎನ್ ಮೂರೂ ಕೂಡೇ ಒತ್ರಿ, ಕರ್ರಗಿನ ಇನ್‌ಕಾಗ್ನಿಟೋ ಕಿಡಕಿ ಬರತೈತಿ, ಅದಕ್ಕ ನಿಮ್ಮ ಲಾಗಿನ್ ಗುರ್ತು ಇರೂದಿಲ್ಲ. ಅದರಾಗ ಆ ವಿಳಾಸ ಹಾಕ್ರಿ. ಅಲ್ಲಿ ನೆಟ್ಟಗ ತೆರೀತು ಅಂದ್ರ ನಾಳೆನೂ ತೆರೀತೈತಿ. ಶಾರ್ಟ್‌ಕಟ್ ಮಾಡೂಕಿಂತ ಮೊದಲ ಇದೊಂದು ಮಾಡ್ರಿ, ಮುಂದಿನ ಅರ್ಧ ತ್ರಾಸು ಇಲ್ಲೇ ಹೋಗತೈತಿ.

ವಿಳಾಸ ಎಲ್ಲಿಂದ ತಗೋಬೇಕು ಅನ್ನೋದೂ ಮುಖ್ಯ ಐತಿ. ಗೂಗಲ್‌ನ್ಯಾಗ ‘ಉತಾರ’ ಅಂತ ಹುಡುಕಿದ್ರ ಒಮ್ಮೊಮ್ಮೆ ಮ್ಯಾಲಿನ ಸಾಲಿಗೆ ‘ಸ್ಪಾನ್ಸರ್ಡ್’ ಅಂತ ಜಾಹೀರಾತು ಬರತಾವ, ಅವನ್ನ ಮುಟ್ಟಬ್ಯಾಡ್ರಿ. ಉತಾರಕ್ಕ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್, ನಡುವ ಖಾಲಿ ಜಾಗ ಬಿಡಬ್ಯಾಡ್ರಿ. ಬಿಲ್ಲಿಗೆ ಹೆಸ್ಕಾಂ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ರೈಲ್ವೆಗೆ ಐಆರ್‌ಸಿಟಿಸಿ ಡಾಟ್ ಸಿಒ ಡಾಟ್ ಇನ್. ರೈಲ್ವೆದು ಬಿಟ್ಟು, ಉತಾರ ಮತ್ತ ಬಿಲ್ಲು ಎರಡಕ್ಕೂ ಜಿಒವಿ ಡಾಟ್ ಇನ್ ಅನ್ನೋದು ವಿಳಾಸದ ಹೆಸರಿನ ಕಟ್ಟಕಡಿಗೆ ಇರಬೇಕು, ಅದರ ಮುಂದ ಸ್ಲ್ಯಾಶ್ ಬಿಟ್ರ ಬ್ಯಾರೆ ಡಾಟ್ ಇರಬಾರದು. ಇಲ್ಲೊಮ್ಮೆ ತಪ್ಪಿದ್ರ ದಿನಾ ಒತ್ತಿದಾಗೊಮ್ಮೆ ತಪ್ಪು ಜಾಗಾಕ್ಕ ಹೋಗ್ತೀರಿ, ಅದೂ ರೊಕ್ಕ ಕಟ್ಟೋ ಜಾಗ ಐತಿ, ಅದಕ್ಕ ಇಷ್ಟು ಒತ್ತಿ ಹೇಳಾಕತ್ತೀನಿ.

ಈಗ ಮಾಡೋದು. ಪೇಜ್ ತೆರೆದು, ಮ್ಯಾಲಿನ ವಿಳಾಸದ ಪಟ್ಟಿ ಮ್ಯಾಲೆ ಒಮ್ಮೆ ಕ್ಲಿಕ್ ಮಾಡ್ರಿ, ಪೂರಾ ನೀಲಿ ಆಗತೈತಿ. ಕಂಟ್ರೋಲ್ ಸಿ. ಆಮ್ಯಾಲೆ ವಿಂಡೋಸ್ ಕೀ ಜೋಡಿ ಡಿ ಒತ್ರಿ, ಡೆಸ್ಕ್‌ಟಾಪ್ ಬರತೈತಿ. ಖಾಲಿ ಜಾಗಾದಾಗ ರೈಟ್ ಕ್ಲಿಕ್, ‘ನ್ಯೂ’, ಅದರೊಳಗ ‘ಶಾರ್ಟ್‌ಕಟ್’. ಬಂದ ಡಬ್ಬಿಯೊಳಗ ಕಂಟ್ರೋಲ್ ವಿ, ನೆಕ್ಸ್ಟ್, ಹೆಸರು ಬರೀರಿ, ಫಿನಿಶ್. ಹೆಸರು ಕನ್ನಡದಾಗೂ ನಡೀತೈತಿ. ಆದ್ರ ಹೆಸರಿನ್ಯಾಗ ಸ್ಲ್ಯಾಶ್, ಕೋಲನ್, ಪ್ರಶ್ನೆ ಚಿಹ್ನೆ ಹಾಕಿದ್ರ ವಿಂಡೋಸ್ ಒಪ್ಪೂದಿಲ್ಲ. ಆ ಡಬ್ಬಿಯೊಳಗ ವಿಳಾಸ ಕೈಲೆ ಟೈಪ್ ಮಾಡಬ್ಯಾಡ್ರಿ, ಯಾಕಂದ್ರ ವಿಳಾಸದ ಶುರುವಿನ ಎಚ್‌ಟಿಟಿಪಿಎಸ್ ಬಿಟ್ಟುಹೋಗತೈತಿ. ಅದಿಲ್ಲ ಅಂದ್ರ ವಿಂಡೋಸ್ ಅದನ್ನ ಫೈಲ್ ಅಂತ ತಿಳದು, ಸಿಗವಲ್ದು ಅಂತ ಹೇಳಬಹುದು. ಕ್ರೋಮ್‌ನ್ಯಾಗ ಕಣ್ಣಿಗೆ ಕಾಣದಿದ್ರೂ ಕಾಪಿ ಮಾಡಿದಾಗ ಅದು ತಾನ ಬರತೈತಿ.

ಎಳದು ಬಿಡೋ ದಾರಿನೂ ಐತಿ. ವಿಳಾಸದ ಎಡಕ್ಕ ಮೊದಲ ಕೀಲಿ ಚಿತ್ರ ಇತ್ತಲ್ಲ, ಕ್ರೋಮ್‌ನವ್ರು 2023ರಾಗ ಅದನ್ನ ತಗದು ಎರಡು ಗೀಟಿನ ಚಿತ್ರ ಇಟ್ಟಾರ. ಅದನ್ನ ಹಿಡದು ಡೆಸ್ಕ್‌ಟಾಪ್ ಮ್ಯಾಲೆ ಎಳದು ಬಿಟ್ರ ಆತು. ಕಿಡಕಿ ಪೂರಾ ಪರದೆ ತುಂಬಿದ್ರ ಬಿಡಾಕ ಜಾಗಾನ ಇರೂದಿಲ್ಲ, ಬಂದ್ ಮಾಡೋ ಗುಣಾಕಾರ ಗುರ್ತಿನ ಎಡಕ್ಕಿರೋ ಚೌಕ ಒತ್ತಿ ಮೊದಲ ಸಣ್ಣದು ಮಾಡ್ಕೋರಿ. ಕ್ರೋಮ್‌ನ ಮೂರು ಚುಕ್ಕಿ ಒಳಗ, ‘ಕಾಸ್ಟ್, ಸೇವ್ ಆಂಡ್ ಶೇರ್’ ಅನ್ನೋದರಾಗ ‘ಕ್ರಿಯೇಟ್ ಶಾರ್ಟ್‌ಕಟ್’ ಸಿಗತೈತಿ. ಅದರಾಗ ಸೈಟಿನದ ಚಿತ್ರ ಬರತೈತಿ, ನೋಡಾಕ ಚಲೋ. ಆದ್ರ ಆ ಮೆನು ಮೊದಲ ‘ಮೋರ್ ಟೂಲ್ಸ್’ ಒಳಗ ಇತ್ತು, ಮುಂದೂ ಜಾಗ ಬದಲಿ ಆಗಬಹುದು. ರೈಟ್ ಕ್ಲಿಕ್ ದಾರಿ ಹಳೇ ವಿಂಡೋಸ್‌ನಿಂದ ಹಂಗ ಐತಿ, ನಿಮಗ ಅದ ಬರೋಬ್ಬರಿ.

ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡಬ್ಯಾಡ್ರಿ. ಅದು ಪೇಜಿನ ಅವತ್ತಿನ ನಕಲು ಇಳಿಸಿ ಇಡತೈತಿ. ಮುಂದಿನ ತಿಂಗಳ ತೆರದ್ರೂ ಅದ ಹಳೇ ಬಿಲ್ಲು ಕಾಣತೈತಿ.

ನೀವು ಕ್ರೋಮ್ ಬಳಸ್ತೀರಿ, ಆದ್ರ ಒತ್ತಿದ್ರ ವಿಂಡೋಸ್‌ನ ಎಡ್ಜ್ ಬ್ರೌಸರ್ ತೆರೀತೈತಿ ಅಂದ್ರ ಶಾರ್ಟ್‌ಕಟ್ ಕೆಟ್ಟಿಲ್ಲ. ಸೆಟ್ಟಿಂಗ್ಸ್, ಆಪ್ಸ್, ಡಿಫಾಲ್ಟ್ ಆಪ್ಸ್, ಗೂಗಲ್ ಕ್ರೋಮ್, ‘ಸೆಟ್ ಡಿಫಾಲ್ಟ್’. ಐಕಾನ್ ಎಲ್ಲಾ ಒಮ್ಮೆಲೇ ಮಾಯ ಆದ್ರ ಗಾಬರಿ ಆಗಬ್ಯಾಡ್ರಿ, ರೈಟ್ ಕ್ಲಿಕ್, ‘ವ್ಯೂ’, ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಮುಂದ ಟಿಕ್ ಹಾಕ್ರಿ.

ಆ ಹಳೇ ರೈಲ್ವೆ ಚೀಟಿ ಡಿಲೀಟ್ ಮಾಡ್ರಿ, ನಿಮ್ಮ ಖಾತೆಗೆ ಏನೂ ಆಗೂದಿಲ್ಲ. ಶಾರ್ಟ್‌ಕಟ್ ಹೆಸರಿನ್ಯಾಗ ಪಾಸ್‌ವರ್ಡ್ ಮಾತ್ರ ಬರದಿಡಬ್ಯಾಡ್ರಿ, ಮನಿಗೆ ಬಂದವರೆಲ್ಲಾ ಪರದೆ ನೋಡ್ತಾರ. ಮೊದಲ ಉತಾರದ್ದೊಂದು ಮಾಡಿ, ಒತ್ತಿ ತೆರದು, ವಿಳಾಸದ ಪಟ್ಟಿ ಕಾಣೂಹಂಗ ಒಂದು ಫೋಟೋ ಗ್ರೂಪಿಗೆ ಹಾಕ್ರಿ, ನೋಡಿ ಹೇಳ್ತೀನಿ.