ವಾಕ್ ಚಿಕಿತ್ಸಕರಿಲ್ಲದ ಜಿಲ್ಲೆಯಲ್ಲಿ ಮಗುವಿಗೆ ಏನು ದಾರಿ?

ಪ್ರಶ್ನೆ: ನಾವು ಕಲ್ಯಾಣ ಕರ್ನಾಟಕದ ಹಳ್ಳಿಯವರು. ಮೂರು ವರ್ಷದ ನನ್ನ ಮಗ ಎರಡು ಪದಗಳನ್ನು ಕೂಡಿಸಿ ಮಾತನಾಡುತ್ತಿಲ್ಲ. ಚಮಚ ಹಿಡಿಯುವುದೂ ಅವನಿಗೆ ಕಷ್ಟ. ಜಿಲ್ಲಾ ಕೇಂದ್ರದಲ್ಲಿ ವಾಕ್ ಚಿಕಿತ್ಸಕರ ಹುದ್ದೆ ಖಾಲಿಯಿದೆ, ಉಣ್ಣುವುದು, ಬಟ್ಟೆ ತೊಡುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಅಂತೂ ಇಲ್ಲವೇ ಇಲ್ಲ. ಕೂಲಿ ಬಿಟ್ಟು ವಾರಕ್ಕೆರಡು ಬಾರಿ ದೂರದ ನಗರಕ್ಕೆ ಹೋಗಲು ನಮ್ಮಿಂದಾಗದು. ಬೇರೆ ದಾರಿಯಿದೆಯೇ?

ಉತ್ತರ 1: ಮೊದಲು ಶ್ರವಣ ಪರೀಕ್ಷೆ ಮಾಡಿಸಿ, ಏಕೆಂದರೆ ಮಾತು ತಡವಾಗಲು ಕಿವಿಯ ದೋಷವೂ ಕಾರಣವಾಗಿರಬಹುದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದೂರದ ಊರುಗಳ ಮಕ್ಕಳಿಗೆ ವಿಡಿಯೊ ಮೂಲಕವೂ ಚಿಕಿತ್ಸೆ ನೀಡುತ್ತದೆ, ವಿಚಾರಿಸಿ ನೋಡಿ. ಆದರೆ ವಾರದ ಒಂದು ಗಂಟೆಗಿಂತ ನೀವು ದಿನವೂ ಮನೆಯಲ್ಲಿ ಮಾಡಿಸುವ ಅಭ್ಯಾಸವೇ ಹೆಚ್ಚು ಫಲ ಕೊಡುತ್ತದೆ.

ಉತ್ತರ 2: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಮಗುವಿನ ಹೆಸರು ಬರೆಸಿ. ತಪಾಸಣೆ ಮಾಡಿ ಚೀಟಿ ಬರೆದುಕೊಡುವುದು ಸುಲಭ, ಆ ಚೀಟಿ ಹಿಡಿದು ಹೋದಲ್ಲಿ ಚಿಕಿತ್ಸಕರೇ ಇಲ್ಲದಿರುವುದು ನಿಜವಾದ ತೊಡಕು. ಗುತ್ತಿಗೆ ಆಧಾರದ ಕೆಲಸವನ್ನು ಅವಕಾಶ ಸಿಕ್ಕೊಡನೆ ಬಿಟ್ಟು ಬೆಂಗಳೂರಿಗೆ ಹೋಗುವವರನ್ನು ದೂರುವುದೂ ಕಷ್ಟ.

ಉತ್ತರ 3: ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ, ರೊಟ್ಟಿ ಹಿಟ್ಟು ನಾದಲು ಬಿಡಿ. ನನ್ನ ಮಗಳ ಬೆರಳುಗಳಿಗೆ ಬಲ ಬಂದದ್ದು ಹಾಗೆಯೇ.