ಡಿಗ್‌ಗೆ ಸಿಗುವ ಹೆಸರು ಪಿಂಗ್‌ಗೆ ಯಾಕೆ ಸಿಗ್ತಿಲ್ಲ?

ಅಚ್ಚುಮೊಳೆ:
ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಫೈಲುಗಳೆಲ್ಲ ಮೂಲೆಯ ಹಳೇ ಪಿಸಿಯಲ್ಲಿವೆ, ವಿಳಾಸ 192.168.1.20. ಹುಡುಗರಿಗೆ ನಂಬರ್ ನೆನಪಿರಲ್ಲ ಅಂತ ರೂಟರ್‌ನಲ್ಲಿ ಅದಕ್ಕೆ ‘ಗೋದಾಮು.ಲೋಕಲ್’ ಅಂತ ಹೆಸರಿಟ್ಟೆ. ವಿಂಡೋಸ್ ಮಶೀನ್‌ನಲ್ಲಿ ತಕ್ಷಣ ತೆರೀತು. ನನ್ನ ಲಿನಕ್ಸ್ ಮಶೀನ್ (ಡೆಬಿಯನ್ 12) ಮಾತ್ರ ಮೊಂಡು ಹಿಡಿದಿದೆ. ಹೆಸರಿನ ವಿಳಾಸ ಕೇಳೋ ಡಿಗ್ ಕಮಾಂಡ್ ಕೊಟ್ಟರೆ ಸರಿಯಾದ ವಿಳಾಸ ಬರುತ್ತೆ, ಆ ಪಿಸಿ ಓಗೊಡುತ್ತಾ ಅಂತ ನೋಡೋ ಪಿಂಗ್ ಕೊಟ್ಟರೆ ‘ನೇಮ್ ಆರ್ ಸರ್ವಿಸ್ ನಾಟ್ ನೋನ್’, ಅಂದ್ರೆ ಆ ಹೆಸರೇ ಗೊತ್ತಿಲ್ಲವಂತೆ. ಕೇಬಲ್ ಬದಲಿಸಿದೆ, ರೂಟರ್ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಹೆಸರನ್ನ ಯಾವ ಸರ್ವರ್‌ಗೆ ಕೇಳಬೇಕು ಅಂತ ಬರೆಯೋ ರೆಸಾಲ್ವ್.ಕಾನ್ಫ್ ಫೈಲಿನಲ್ಲಿ 8.8.8.8 ಹಾಕಿದೆ, ಆಗ ಡಿಗ್‌ಗೂ ಸಿಗದೇ ಹೋಯ್ತು! ವಾಪಸ್ ತೆಗೆದೆ.

ಬೆಣ್ಣೆದೋಸೆ:
ಹೆಸರು, ವಿಳಾಸ ಕೈಯಾರೆ ಬರೆದಿಡೋ ಹೋಸ್ಟ್ಸ್ ಫೈಲ್‌ಗೆ ಒಂದು ಸಾಲು ಸೇರಿಸಿ ಮುಗಿಸಿ ಗುರುವೇ.

ಅಚ್ಚುಮೊಳೆ:
ಲಿನಕ್ಸ್ ಮಶೀನ್ ನಾಲ್ಕಿವೆ ಸಾರ್. ಎಲ್ಲದರಲ್ಲೂ ಬರೆದು ಆಮೇಲೆ ವಿಳಾಸ ಬದಲಾದರೆ ನನಗೇ ಪೀಕಲಾಟ.

ಹಳೇಟರ್ಮಿನಲ್:
8.8.8.8 ಗೂಗಲ್‌ನ ಡಿಎನ್‌ಎಸ್ ಸರ್ವರ್, ಅಂದ್ರೆ ಹೆಸರಿಗೆ ವಿಳಾಸ ಹೇಳೋದು. ನಿಮ್ಮ ಮೂಲೆ ಪಿಸಿ ಅದಕ್ಕೆ ಹೇಗೆ ಗೊತ್ತಿರಬೇಕು? ಡಿಗ್ ನೇರ ರೂಟರನ್ನೇ ಕೇಳುತ್ತೆ. ಪಿಂಗ್, ಬ್ರೌಸರ್ ಹಾಗಲ್ಲ, ಹೆಸರನ್ನ ಎಲ್ಲೆಲ್ಲಿ ಹುಡುಕಬೇಕು ಅಂತ ಎನ್‌ಎಸ್‌ಸ್ವಿಚ್.ಕಾನ್ಫ್ ಫೈಲು ಹೇಳಿದ ಸರದಿಯಲ್ಲೇ ಹೋಗಬೇಕು. ಅದಕ್ಕೆ ಡಿಗ್ ಬಿಟ್ಟು, ಅದೇ ಸರದಿಯಲ್ಲಿ ಹುಡುಕೋ ‘ಗೆಟೆಂಟ್ ಹೋಸ್ಟ್ಸ್’ ಕಮಾಂಡ್ ಜೊತೆ ಹೆಸರು ಕೊಟ್ಟು ನೋಡಿ. ಆ ಫೈಲಿನ ‘ಹೋಸ್ಟ್ಸ್’ ಸಾಲೂ ಹಾಕಿ.

ಅಚ್ಚುಮೊಳೆ:
ಗೆಟೆಂಟ್ ಖಾಲಿ. ಸಾಲು ಹೀಗಿದೆ:
ಹೋಸ್ಟ್ಸ್: ಫೈಲ್ಸ್ ಎಂಡಿಎನ್‌ಎಸ್4_ಮಿನಿಮಲ್ [ನಾಟ್‌ಫೌಂಡ್=ರಿಟರ್ನ್] ಡಿಎನ್‌ಎಸ್

ಹಳೇಟರ್ಮಿನಲ್:
ಕಳ್ಳ ಸಿಕ್ಕ. ‘.ಲೋಕಲ್’ ಅನ್ನೋದನ್ನ 2013ರಲ್ಲೇ ಆರ್‌ಎಫ್‌ಸಿ 6762 ಅನ್ನೋ ಇಂಟರ್ನೆಟ್ ನಿಯಮದ ದಾಖಲೆ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಎಂಡಿಎನ್‌ಎಸ್) ಮೀಸಲಿಟ್ಟಿದೆ. ನಿಮ್ಮ ಡೆಬಿಯನ್ ರೂಟರನ್ನು ಕೇಳೋದೇ ಇಲ್ಲ, ಇಡೀ ಅಂಗಡಿಗೆ ಕೇಳೋ ಹಾಗೆ ‘ಗೋದಾಮು ಯಾರಪ್ಪಾ?’ ಅಂತ ಕೂಗುತ್ತೆ. ಆ ಪಿಸಿಯಲ್ಲಿ ಈ ಕೂಗಿಗೆ ಉತ್ತರ ಕೊಡೋ ಅವಾಹಿ ಅನ್ನೋ ಪ್ರೋಗ್ರಾಂ ಇಲ್ಲ ಅನ್ಸುತ್ತೆ, ಯಾರೂ ಓಗೊಡಲ್ಲ. ಬ್ರಾಕೆಟ್ಟಿನಲ್ಲಿರೋದು ‘ಸಿಗಲಿಲ್ಲವಾ, ಇಲ್ಲಿಂದಲೇ ವಾಪಸ್’ ಅಂತ. ಡಿಎನ್‌ಎಸ್‌ವರೆಗೆ ಸರದಿ ಬರೋದೇ ಇಲ್ಲ.

ರೂಟರ್‌ನಲ್ಲಿ ಹೆಸರನ್ನ ‘ಗೋದಾಮು.ಹೋಮ್.ಆರ್ಪಾ’ ಮಾಡಿ, ಮನೆ ನೆಟ್‌ವರ್ಕ್‌ಗೆಂದೇ 2018ರಲ್ಲಿ ಕೊಟ್ಟ ಹೆಸರದು. ಇಲ್ಲವಾ, ಆ ಪಿಸಿಗೇ ಗೋದಾಮು ಅಂತ ಹೋಸ್ಟ್‌ನೇಮ್ ಇಟ್ಟು ಅವಾಹಿ ಹಾಕಿ. ಸಿಟ್ಟಿಗೆ ಎಂಡಿಎನ್‌ಎಸ್ ಕಿತ್ತುಹಾಕಬೇಡಿ, ನೆಟ್‌ವರ್ಕ್ ಪ್ರಿಂಟರ್ ಕೈಕೊಡಬಹುದು.

ಅಚ್ಚುಮೊಳೆ:
ಆರ್ಪಾ ಅಂತ ಹುಡುಗರ ಬಾಯಲ್ಲಿ ಹೊರಡಲ್ಲ, ಅವಾಹಿನೇ ಹಾಕಿದೆ. ಪಿಂಗ್ ಬಂತು! ಆದರೆ ಈಗ ಆ ಪಿಸಿಯಲ್ಲಿ ಅಡ್ಮಿನ್ ಕೆಲಸಕ್ಕೆ ಸುಡೋ ಕಮಾಂಡ್ ಕೊಟ್ಟಾಗೆಲ್ಲ ‘ಅನೇಬಲ್ ಟು ರಿಸಾಲ್ವ್ ಹೋಸ್ಟ್ ಗೋದಾಮು’, ಅಂದ್ರೆ ಗೋದಾಮು ಅನ್ನೋ ಹೆಸರು ಸಿಗ್ತಿಲ್ಲ ಅಂತ ಗೊಣಗುತ್ತೆ.

ಬೆಣ್ಣೆದೋಸೆ:
ಆ ಪಿಸಿಯ ಹೋಸ್ಟ್ಸ್ ಫೈಲ್‌ನಲ್ಲಿ 127.0.1.1 (ಪಿಸಿ ತನ್ನನ್ನೇ ಕರೆದುಕೊಳ್ಳೋ ವಿಳಾಸ) ಮುಂದೆ ಹಳೇ ಹೆಸರೇ ಕೂತಿರುತ್ತೆ, ಗೋದಾಮು ಅಂತ ಬದಲಿಸಿ. ಕೊನೆಗೂ ನನ್ನ ಫೈಲಿಗೇ ಬಂದ್ರಲ್ಲ!