ಪ್ಯಾಕೆಟ್‌ನಲ್ಲಿ ಗಟ್ಟಿ, ಫ್ಲಶ್ ನೀರಲ್ಲಿ ಬಿಡಿಬಿಡಿ: ಒದ್ದೆ ವೈಪ್ಸ್‌ಗೆ ಯಾವ ಬೈಂಡರ್?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನ್‌ವೋವನ್, ಅಂದರೆ ನೇಯದೆ ನಾರುಗಳನ್ನೇ ಹಿಡಿಸಿ ಮಾಡುವ ಬಟ್ಟೆಯ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಫ್ಲಶ್ ಮಾಡಬಹುದಾದ ಒದ್ದೆ ವೈಪ್ಸ್‌ಗೆ ಬಟ್ಟೆ ಬೇಕು ಅಂತ ಗ್ರಾಹಕರು ಕೇಳಿದ್ದಾರೆ. ಏರ್‌ಲೇಡ್ ಪಲ್ಪ್ ಹಾಳೆಗೆ (ಮರದ ತಿರುಳಿನ ನಾರನ್ನು ಗಾಳಿಯಲ್ಲಿ ಹರಡಿ ಮಾಡಿದ್ದು) ನಾರು ಹಿಡಿಸುವ ಅಂಟಾಗಿ, ಅಂದರೆ ಬೈಂಡರ್ ಆಗಿ ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೊಹಾಲ್ ದ್ರಾವಣ ಸಿಂಪಡಿಸಿ ಒಣಗಿಸಿದೆವು. ಒಣ ಹಾಳೆ ಚೆನ್ನಾಗಿ ಬಂತು, ನೀರಿಗೆ ಹಾಕಿದರೆ ಬಿಟ್ಟುಕೊಂಡಿತು. ಆದರೆ ಲೋಷನ್ ಹಾಕಿ ಪ್ಯಾಕ್ ಮಾಡಿದರೆ ಮಾರನೇ ದಿನಕ್ಕೆ ಒಳಗೆಲ್ಲ ಮುದ್ದೆ. ಪೂರ್ತಿ ಹೈಡ್ರೊಲೈಸ್ ಆದ (ಅಸಿಟೇಟ್ ಗುಂಪೆಲ್ಲ ಕಳಚಿದ) ಗ್ರೇಡ್ ಹಾಕಿದರೆ ಪ್ಯಾಕೆಟ್‌ನಲ್ಲಿ ಗಟ್ಟಿ ನಿಲ್ಲುತ್ತದೆ, ನೀರಲ್ಲಿ ಎಷ್ಟು ಕುಲುಕಿದರೂ ಬಿಡುವುದಿಲ್ಲ. ಎರಡರ ಮಧ್ಯದ ಗ್ರೇಡ್ ಹುಡುಕಬೇಕಾ? ತಿಳಿದವರು ದಾರಿ ತೋರಿಸಿ.

ಉತ್ತರ (ಪಾಲಿಮರ್ ಕೆಮಿಸ್ಟ್): ಮಧ್ಯದ ಗ್ರೇಡ್ ಹುಡುಕುವುದರಲ್ಲಿ ಸಮಯ ಕಳೆಯಬೇಡಿ, ಆ ದಾರಿಯಲ್ಲಿ ಉತ್ತರ ಇಲ್ಲ. ಶೇ 88ರಷ್ಟು ಹೈಡ್ರೊಲೈಸ್ ಆದ ಪಿವಿಎ ತಣ್ಣೀರಲ್ಲೇ ಕರಗುತ್ತದೆ. ಶೇ 98-99ರದ್ದರಲ್ಲಿ ಪಾಲಿಮರ್ ಅಣುಗಳ ಉದ್ದ ಸರಪಳಿಗಳು ಒಂದಕ್ಕೊಂದು ಒತ್ತಾಗಿ ಹೆಣೆದು ಹರಳುಗಟ್ಟುವುದರಿಂದ 80-90 ಡಿಗ್ರಿ ಬಿಸಿನೀರು ಬೇಕು. ಮಧ್ಯದ್ದನ್ನು ಹಾಕಿದರೆ ಪ್ಯಾಕೆಟ್‌ನಲ್ಲಿ ಒಂದಿಷ್ಟು ತಡವಾಗಿ ಮುದ್ದೆಯಾಗುತ್ತದೆ, ಅಷ್ಟೇ. ಲೋಷನ್ ಅಂದರೂ ಹೆಚ್ಚಿನ ಪಾಲು ನೀರೇ ಅಲ್ಲವೇ? ತಿಂಗಳುಗಟ್ಟಲೆ ನೀರಲ್ಲಿ ನೆನೆದರೂ ಜಗ್ಗದ ಬೈಂಡರ್, ಕಮೋಡ್‌ನ ನೀರು ಸೋಕಿದ ಕೂಡಲೇ ಕೈಬಿಡಬೇಕು. ಅಂದರೆ ಈ ನೀರು ಬೇರೆ, ಆ ನೀರು ಬೇರೆ ಅಂತ ಗುರುತು ಹಿಡಿಯುವ ಬೈಂಡರ್ ಬೇಕು. ಬರೀ 'ನೀರಲ್ಲಿ ಕರಗುತ್ತದೆ' ಅನ್ನುವ ಗುಣ ಒಣ ಪದಾರ್ಥಕ್ಕೆ ಸಾಕು, ಒದ್ದೆ ವೈಪ್ಸ್‌ಗೆ ಸಾಲದು.

ಈ ಗುರುತಿಗೆ ಹೆಚ್ಚು ನೆಚ್ಚಬಹುದಾದದ್ದು ಉಪ್ಪು. ಅಕ್ರಿಲಿಕ್ ಆಮ್ಲದಂಥ ವಿದ್ಯುದಂಶವಿರುವ ಘಟಕದ ಜೊತೆ ಬ್ಯುಟೈಲ್ ಅಕ್ರಿಲೇಟ್‌ನಂಥ ನೀರು ಒಲ್ಲದ ಘಟಕ ಸೇರಿಸಿ ಕೋಪಾಲಿಮರ್ ಮಾಡುತ್ತಾರೆ. ಲೋಷನ್‌ನಲ್ಲಿ ಉಪ್ಪು ಸಾಕಷ್ಟಿದ್ದಾಗ ಸೋಡಿಯಂ ಅಯಾನುಗಳು ಸರಪಳಿಯ ಋಣ ವಿದ್ಯುದಂಶವನ್ನು ಮುಚ್ಚಿಬಿಡುತ್ತವೆ. ಆಗ ನೀರು ಒಲ್ಲದ ಭಾಗಗಳು ಒಟ್ಟುಗೂಡಿ ಬೈಂಡರ್ ಗಟ್ಟಿಯಾಗಿ ನಾರುಗಳನ್ನು ಹಿಡಿದು ನಿಲ್ಲುತ್ತದೆ. ಉಪ್ಪು ತೆಳುವಾದರೆ ಆ ಮುಚ್ಚುಗೆ ಹೋಗುತ್ತದೆ, ವಿದ್ಯುದಂಶಗಳು ಒಂದನ್ನೊಂದು ದೂಡುತ್ತವೆ, ಸರಪಳಿ ಅರಳಿ ಕರಗುತ್ತದೆ.

ಲೆಕ್ಕ ಹಾಕಿ ನೋಡಿ. 2 ಗ್ರಾಂ ಬಟ್ಟೆಗೆ 5 ಗ್ರಾಂ ಲೋಷನ್, ಅದರಲ್ಲಿ ಶೇ 2 ಉಪ್ಪು ಅಂದರೆ ಒಂದು ವೈಪ್‌ನಲ್ಲಿ ಇರುವುದು 0.1 ಗ್ರಾಂ. 6 ಲೀಟರ್ ಫ್ಲಶ್ ನೀರಿಗೆ ಬಿದ್ದಾಗ ಲೀಟರಿಗೆ 17 ಮಿಲಿಗ್ರಾಂ ಆಸುಪಾಸು, ಅಂದರೆ ಸುಮಾರು 1200 ಪಟ್ಟು ತೆಳು. ಬೈಂಡರ್‌ಗೆ ಇಷ್ಟು ದೊಡ್ಡ ವ್ಯತ್ಯಾಸ ಬೇರೆ ಯಾವ ಉಪಾಯದಿಂದಲೂ ಸುಲಭಕ್ಕೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ ಮೇಡಂ. ನಮ್ಮಲ್ಲಿ ಪಿವಿಎ ದಾಸ್ತಾನು ಬಹಳ ಇದೆ. ಅದನ್ನೇ ಉಳಿಸಿಕೊಂಡು ಬೋರಾಕ್ಸ್ (ಬಿಳಿಗಾರ) ಸೇರಿಸಿದರೆ ಆಗುತ್ತದೆ ಅಂತ ಒಬ್ಬರು ಹೇಳಿದರು. ಗಡಸು ನೀರಿರುವ (ಕ್ಯಾಲ್ಸಿಯಂನಂಥ ಲವಣ ಹೆಚ್ಚಿರುವ) ಕಡೆ ಉಪ್ಪಿನ ಉಪಾಯ ನಡೆಯುತ್ತದೆಯೇ?

ಉತ್ತರ: ಬೋರಾಕ್ಸ್ ತಾಂತ್ರಿಕವಾಗಿ ಕೆಲಸ ಮಾಡುತ್ತದೆ. ಬೋರೇಟ್ ಅಯಾನು ಎರಡು ಪಿವಿಎ ಸರಪಳಿಗಳ ನಡುವೆ ಕೊಂಡಿ ಹಾಕುತ್ತದೆ, ಹೆಚ್ಚು ನೀರಲ್ಲಿ ತೆಳುವಾದಾಗ ಕೊಂಡಿ ಬಿಡುತ್ತದೆ. ಆದರೆ ಚರ್ಮಕ್ಕೆ, ಅದರಲ್ಲೂ ಮಗುವಿನ ಚರ್ಮಕ್ಕೆ ತಾಗುವ ಪದಾರ್ಥಕ್ಕೆ ನಾನು ಅದನ್ನು ಹೇಳುವುದಿಲ್ಲ. ಐರೋಪ್ಯ ಒಕ್ಕೂಟ ಬೋರಾಕ್ಸ್‌ನ ಬಳಗದ ಬೋರಿಕ್ ಆಮ್ಲವನ್ನು ಸಂತಾನಶಕ್ತಿಗೆ ಹಾನಿ ಮಾಡಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ. ಪಿವಿಎ ಉಳಿಸಿಕೊಳ್ಳಲೇಬೇಕಾದರೆ ಲೋಷನ್‌ನಲ್ಲಿ ಸೋಡಿಯಂ ಸಲ್ಫೇಟ್ ಹಾಕಿ ನೋಡಿ. ಪಿವಿಎಯನ್ನು ನೀರಿನಿಂದ ಹೊರದಬ್ಬುವುದರಲ್ಲಿ ಅದು ಅಡುಗೆ ಉಪ್ಪಿಗಿಂತ ಬಹಳ ಜೋರು. ವಿನೈಲಾನ್ ನೂಲು ತೆಗೆಯುವಾಗ ಪಿವಿಎಯನ್ನು ಗಟ್ಟಿ ಮಾಡುವ ತೊಟ್ಟಿಯಲ್ಲಿ ಇರುವುದೂ ಅದೇ. ಬೇಕಾಗುವ ಪ್ರಮಾಣ ಜಾಸ್ತಿ, ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ. ನೆಲ, ಕಮೋಡ್ ಒರೆಸುವ ವೈಪ್ಸ್‌ಗೆ ಅದು ನಡೆದೀತು, ಮುಖಕ್ಕೆ ನಡೆಯದು.

ಇನ್ನು ಗಡಸು ನೀರು. ಈ ಪ್ರಶ್ನೆಯನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು, ಪ್ರಯೋಗಾಲಯದಲ್ಲಿ ಪಾಸಾದ ಮಾಲು ಹೊರಗೆ ಫೇಲಾಗುವುದು ಹೆಚ್ಚಾಗಿ ಇಲ್ಲೇ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ವಿದ್ಯುದಂಶ ಇರುತ್ತದೆ. ಅದು ಬೈಂಡರ್ ಸರಪಳಿಯ ಮೇಲೆ ಋಣ ವಿದ್ಯುದಂಶ ಹೊತ್ತ ಎರಡು ಕಾರ್ಬಾಕ್ಸಿಲ್ ಗುಂಪುಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಸೋಡಿಯಂ ಪೂರಾ ಕೊಚ್ಚಿಹೋದರೂ ಕ್ಯಾಲ್ಸಿಯಂ ಬಂದು ಅದರ ಜಾಗ ಹಿಡಿಯುತ್ತದೆ, ಬೈಂಡರ್ ಕರಗುವುದೇ ಇಲ್ಲ. ಅದಕ್ಕೇ ಕಾರ್ಬಾಕ್ಸಿಲ್ ಕಡಿಮೆ ಮಾಡಿ ಸಲ್ಫೊನೇಟ್ ಗುಂಪು ತಂದರು. ಕ್ಯಾಲ್ಸಿಯಂ ಅದನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಇನ್ನೊಂದು ದಾರಿ ಧನ ವಿದ್ಯುದಂಶದ, ಅಂದರೆ ಕ್ಯಾಟಯಾನಿಕ್ ಬೈಂಡರ್. ಎರಡೂ ಧನವಾದ್ದರಿಂದ ಕ್ಯಾಲ್ಸಿಯಂ ಅದರ ತಂಟೆಗೆ ಬರುವುದಿಲ್ಲ. ಆದರೆ ಅದನ್ನು ಆರಿಸಿಕೊಂಡರೆ ಲೋಷನ್‌ನಲ್ಲಿ ಆನಯಾನಿಕ್, ಅಂದರೆ ಋಣ ವಿದ್ಯುದಂಶದ ಸೋಪಿನ ಅಂಶ ಒಂದಿಷ್ಟೂ ಇರಬಾರದು, ಇದ್ದರೆ ಅದೇ ಬೈಂಡರ್‌ಗೆ ಅಂಟಿಕೊಂಡು ಕರಗದ ಹಾಗೆ ಮಾಡುತ್ತದೆ.

ಮತ್ತೊಬ್ಬ ಸದಸ್ಯರು: ಸಿಎಂಸಿ ಬಳಸಿ ಇದೇ ಕೆಲಸ ಮಾಡುತ್ತಾರಲ್ಲ ಮೇಡಂ?

ಉತ್ತರ: ಮಾಡುತ್ತಾರೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ಗೆ ಲೋಷನ್‌ನಲ್ಲೇ ಕ್ಯಾಲ್ಸಿಯಂ ಅಥವಾ ಜಿಂಕ್ ಲವಣ ಕೊಟ್ಟು ಗಟ್ಟಿ ಹಿಡಿಸುತ್ತಾರೆ, ಫ್ಲಶ್ ನೀರಲ್ಲಿ ಅದು ತೆಳುವಾಗಿ ಬಿಡುತ್ತದೆ. ಮೂಲ ಸೆಲ್ಯುಲೋಸ್ ಆದ್ದರಿಂದ ನನಗೆ ಇದರ ಮೇಲೆ ಒಲವಿದೆ. ಗಡಸು ನೀರಲ್ಲಿ ಬಿಡುವುದು ನಿಧಾನ ಅನ್ನುವುದನ್ನು ಮರೆಯಬೇಡಿ. ಉಷ್ಣತೆ ನೋಡಿ ಕರಗುವ ಪಾಲಿಮರ್‌ಗಳೂ ಇವೆ. ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಶುದ್ಧ ನೀರಲ್ಲಿ 32 ಡಿಗ್ರಿಗಿಂತ ಮೇಲೆ ಗಟ್ಟಿ, ಕೆಳಗೆ ಕರಗುತ್ತದೆ. ಓದಲು ಬಲು ಚಂದ, ಆದರೆ ಪ್ಯಾಕೆಟ್ ಇಡುವ ಕೋಣೆಯ ಸೆಕೆ-ಚಳಿಯನ್ನು ನಂಬಿ ಮಾಲು ಮಾಡಲಾಗುವುದಿಲ್ಲ.

ಪ್ರಶ್ನೆ ಕೇಳಿದವರು: ಟ್ರಯಲ್ ಹೇಗೆ ಮಾಡಲಿ? ನಮ್ಮಲ್ಲಿ ದೊಡ್ಡ ಲ್ಯಾಬ್ ಇಲ್ಲ.

ಉತ್ತರ: ದೊಡ್ಡ ಲ್ಯಾಬ್ ಬೇಡ. ಮೊದಲು ಗಡಸು ನೀರನ್ನು ನೀವೇ ಮಾಡಿಕೊಳ್ಳಿ: ಡಿಸ್ಟಿಲ್ಡ್ ನೀರು ಲೀಟರಿಗೆ 0.294 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 200 ಪಿಪಿಎಂ ಆಗುತ್ತದೆ. ಒಂದು ಬಾಟಲಿಯಲ್ಲಿ ಬರೀ ಡಿಸ್ಟಿಲ್ಡ್ ನೀರು, ಇನ್ನೊಂದರಲ್ಲಿ ಇದು, ಮೂರನೆಯದರಲ್ಲಿ ನಿಮ್ಮ ಲೋಷನ್. ಮೂರಕ್ಕೂ ಒಂದೊಂದು ಪಟ್ಟಿ ಹಾಕಿ ಒಂದೇ ಥರ ಕುಲುಕಿ. ಲೋಷನ್‌ನಲ್ಲಿದ್ದದ್ದು ಕೈಯಲ್ಲಿ ಎಳೆದರೂ ಹರಿಯಬಾರದು, ಉಳಿದೆರಡು ಚೂರಾಗಬೇಕು. ಲೋಷನ್ ಹಾಕಿದ ಪ್ಯಾಕೆಟ್‌ಗಳನ್ನು 40 ಡಿಗ್ರಿಯಲ್ಲಿ ಕೆಲವು ವಾರ ಇಟ್ಟು ಮತ್ತೆ ನೋಡಿ, ತಾಜಾ ಮಾಲಿನ ಫಲಿತಾಂಶ ನೋಡಿ ತೀರ್ಮಾನಕ್ಕೆ ಬರಬೇಡಿ.

ಚೂರು ಹೇಗೆ ಆಗುತ್ತಿದೆ ಅನ್ನುವುದನ್ನೂ ಗಮನಿಸಿ. ಬೈಂಡರ್ ಕರಗಿ, ಉದ್ದ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಥರ ಆದರೆ ಪೈಪಿಗೆ ಅದು ಇಡೀ ಬಟ್ಟೆಗಿಂತ ಕೆಟ್ಟದ್ದು. ಕಾರ್ಡಿಂಗ್‌ನಲ್ಲಿ, ಅಂದರೆ ನಾರು ಬಾಚಿ ಹಾಳೆ ಮಾಡುವಲ್ಲಿ ಬಳಸುವ 38 ಮಿಲಿಮೀಟರ್ ನಾರು ಈ ಕೆಲಸಕ್ಕೆ ಬೇಡ. ಪಲ್ಪ್ ಜೊತೆ ಸೇರಿಸುವ ನಾರು 6ರಿಂದ 12 ಮಿಲಿಮೀಟರ್ ಇರಲಿ.

ಇನ್ನು ಅಂಕಿ ಬೇಕು ಅಂತ ಗ್ರಾಹಕರು ಕೇಳಿದರೆ ನಾನ್‌ವೋವನ್ ಉದ್ಯಮದ ಇಂಡಾ-ಎಡಾನಾ ಸಂಘಗಳ 2018ರ ಜಿಡಿ4 ಮಾರ್ಗಸೂಚಿಗೆ ಹೋಗಬೇಕು. ಅದರಲ್ಲಿ ಏಳು ಪರೀಕ್ಷೆಗಳಿವೆ: ಕಮೋಡ್ ಮತ್ತು ಪೈಪ್ ದಾಟುವುದು, ನೀರಿನ ಪೆಟ್ಟಿಗೆಯಲ್ಲಿ ಅಲುಗಾಡಿಸಿ ಚದುರಿಸುವುದು, ಮುಳುಗುವುದು, ಮನೆ ಪಂಪ್, ನಗರದ ಪಂಪ್, ಗಾಳಿ ಇರುವಲ್ಲೂ ಇಲ್ಲದಲ್ಲೂ ಜೀವಾಣುಗಳಿಂದ ಶಿಥಿಲವಾಗುವುದು.

ಮಾಡುವಾಗಿನ ಎರಡು ಮಾತು. ಉಪ್ಪಿಗೆ ಸ್ಪಂದಿಸುವ ಬೈಂಡರನ್ನು ಡಿಸ್ಟಿಲ್ಡ್ ಅಥವಾ ಆರ್‌ಓ ನೀರಲ್ಲೇ ಕರಗಿಸಿ ಸಿಂಪಡಿಸಿ. ಗಡಸು ನೀರಲ್ಲಿ ಕಲಸಿದರೆ ನಾಜಲ್ ಕಟ್ಟುತ್ತದೆ. ಪಿವಿಎ ಆದರೆ ಡ್ರೈಯರ್ ಅತಿಯಾಗಿ ಕಾಯಿಸಬೇಡಿ, ಹೆಚ್ಚು ಕಾದಷ್ಟೂ ಹರಳುಗಟ್ಟಿ ಆಮೇಲೆ ಕರಗದೆ ಕೂರುತ್ತದೆ.

ಇನ್ನೊಬ್ಬ ಸದಸ್ಯರು: ಬೈಂಡರೇ ಬೇಡ, ನೀರಿನ ಜೆಟ್‌ನಿಂದ ನಾರು ಹೆಣೆದು ಬಿಡಬಹುದಲ್ಲವೇ?

ಉತ್ತರ: ಖಂಡಿತ. ಪಲ್ಪ್ ಜೊತೆ ಗಿಡ್ಡ ವಿಸ್ಕೋಸ್ ಅಥವಾ ಲಯೊಸೆಲ್ ನಾರು ಬೆರೆಸಿ, ನೀರಲ್ಲಿ ಹಾಳೆ ಎಬ್ಬಿಸಿ, ಜೆಟ್ ಕೊಟ್ಟು ಹೆಣೆಯುತ್ತಾರೆ. ಹಿಡಿತ ನಾರುಗಳ ತಿಕ್ಕಾಟದ್ದು ಮಾತ್ರ, ನೀರು ಅಲುಗಾಡಿದರೆ ಸಡಿಲವಾಗುತ್ತದೆ. ಕೈಯಲ್ಲಿ ಬಂಡವಾಳ ಇರುವವರಿಗೆ ನಾನು ಮೊದಲು ಹೇಳುವುದೇ ಇದನ್ನು, ಗಡಸು ನೀರಿನ ಚಿಂತೆಯೂ ಇಲ್ಲ. ಆದರೆ ಪ್ರಶ್ನೆ ಕೇಳಿದವರ ಹತ್ತಿರ ಇರುವುದು ಏರ್‌ಲೇಡ್ ಲೈನ್, ಅಲ್ಲಿ ಬೈಂಡರ್ ಇಲ್ಲದೆ ಹಾಳೆ ನಿಲ್ಲುವುದಿಲ್ಲ.

ಮತ್ತೊಬ್ಬ ಸದಸ್ಯರು: ನಾನು ಉದ್ಯಮದವಳಲ್ಲ, ಮನೆಯಲ್ಲಿ ಬಳಸುವವಳು. 'ನೀರಲ್ಲಿ ಕರಗುತ್ತದೆ' ಅಂತ ಬರೆದಿದ್ದರೆ ಧೈರ್ಯವಾಗಿ ಫ್ಲಶ್ ಮಾಡಬಹುದಾ?

ಉತ್ತರ: ಕರಗುವುದು, ಚದುರುವುದು, ಕೊಳೆಯುವುದು ಮೂರೂ ಬೇರೆ ಬೇರೆ ಅಮ್ಮ. ಬೈಂಡರ್ ಕರಗಿದರೆ ನಾರು ಚದುರುತ್ತದೆ. ಪಲ್ಪ್ ನಾರು ಕೊಳೆಯುತ್ತದೆ. ಕರಗಿ ಕಣ್ಣಿಗೆ ಕಾಣದಾದ ಅಕ್ರಿಲಿಕ್ ಪಾಲಿಮರ್ ಮಾತ್ರ ನೀರಲ್ಲೇ ಇರುತ್ತದೆ, ಅದರ ಬೆನ್ನೆಲುಬಾದ ಇಂಗಾಲದ ಸರಪಳಿಯನ್ನು ಜೀವಾಣುಗಳು ಸುಲಭಕ್ಕೆ ಮುರಿಯಲಾರವು. ಪಿವಿಎಯನ್ನು ಅದಕ್ಕೆ ಒಗ್ಗಿದ ಜೀವಾಣುಗಳು ತಿನ್ನುತ್ತವೆ, ಎಲ್ಲ ಕಡೆ ಅಂಥವು ಇರುವುದಿಲ್ಲ. ನಮ್ಮ ಕ್ಷೇತ್ರದವರು ಇದನ್ನು ಗ್ರಾಹಕರಿಗೆ ಬಿಚ್ಚಿ ಹೇಳಬೇಕು. ಮಗುವಿನ ಮಾಮೂಲಿ ವೈಪ್ಸ್‌ನಲ್ಲಿ ಹೆಚ್ಚಾಗಿ ಪಾಲಿಯೆಸ್ಟರ್ ಇರುತ್ತದೆ, ಅದನ್ನು ಯಾವತ್ತೂ ಕಮೋಡ್‌ಗೆ ಹಾಕಬೇಡಿ. 2017ರಲ್ಲಿ ಲಂಡನ್‌ನ ವೈಟ್‌ಚಾಪಲ್‌ನ ಒಳಚರಂಡಿಯಲ್ಲಿ ಜಿಡ್ಡು, ವೈಪ್ಸ್ ಎಲ್ಲ ಸೇರಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಕಟ್ಟಿತ್ತು. ಪ್ಯಾಕೆಟ್ ಮೇಲೆ 'ಫ್ಲಶ್ ಮಾಡಬಹುದು' ಅಂತ ಸ್ಪಷ್ಟವಾಗಿ ಇಲ್ಲದಿದ್ದರೆ ಕಸದ ಬುಟ್ಟಿಗೇ ಹಾಕಿ.

ಪ್ರಶ್ನೆ ಕೇಳಿದವರು: ಹಡಗುಗಳಿಗೂ ಮಾಲು ಕೇಳುತ್ತಿದ್ದಾರೆ. ಅಲ್ಲಿ ಸಮುದ್ರದ ನೀರಲ್ಲೇ ಫ್ಲಶ್ ಮಾಡುತ್ತಾರಂತೆ.

ಉತ್ತರ: ಹಾಗಿದ್ದರೆ ಉಪ್ಪಿನ ಬೈಂಡರ್ ಕೊಡಬೇಡಿ. ಸಮುದ್ರದ ನೀರಲ್ಲಿ ಶೇ 3.5ರಷ್ಟು ಲವಣ, ಲೀಟರಿಗೆ 400 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇರುತ್ತದೆ. ಬೈಂಡರ್‌ಗೆ ಅದು ಇನ್ನೊಂದು ಲೋಷನ್ ಇದ್ದ ಹಾಗೆ, ಬಿಡುವುದೇ ಇಲ್ಲ. ಆ ಆರ್ಡರ್‌ಗೆ ಜೆಟ್‌ನಲ್ಲಿ ಹೆಣೆದ ಬಟ್ಟೆಯನ್ನು ಹೊರಗಿನಿಂದ ತರಿಸಿ. ಮತ್ತೊಂದು, ಉಪ್ಪಿನ ಲೋಷನ್ ಶುರು ಮಾಡುವ ಮುಂಚೆ ಡೋಸಿಂಗ್ ಪಂಪು, ಟ್ಯಾಂಕು ಯಾವ ಸ್ಟೀಲ್ ಅಂತ ವಿಚಾರಿಸಿ. 304 ಆದರೆ ಕ್ಲೋರೈಡ್‌ಗೆ ಚುಕ್ಕೆಚುಕ್ಕೆಯಾಗಿ ತೂತು ಬೀಳುತ್ತದೆ, 316 ಹಾಕಿಸಿಕೊಳ್ಳಿ. ಬಾಟಲಿ ಟ್ರಯಲ್‌ನ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.